ಸೊಳ್ಳೆ ಸಾರ್ ಮತ್ತು ಹುಳದ ಮನೆ

ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಗೋಣ ಅಂತ ಬಾಯಿ ತೆರೆಯುವ ಹೊತ್ತಿಗೆ ಯಾರಾದರೂ ಹಾಸಿಗೆ ಹಿಡಿದಿರುತ್ತಾರೆ, ತೊಂದರೆ ಅದೊಂದೇ.

ನಾನು ಹೆಲ್ತ್ ಇನ್ಸ್‌ಪೆಕ್ಟರ್. ಹುಟ್ಟಿದ್ದು ಗೌರಿಬಿದನೂರಿನ ನಗರಗೆರೆ ಕಡೆ. ಕೆಲವು ವರ್ಷ ಚಿಂತಾಮಣಿಯಲ್ಲಿದ್ದು, ಅಂಬಾಜಿದುರ್ಗದ ಸುತ್ತಿನ ಹಳ್ಳಿಗಳಲ್ಲಿ ಚಪ್ಪಲಿ ಸವೆಸಿ, ಈಗ ಶಿಡ್ಲಘಟ್ಟದ ಹತ್ತಿರ ಒಂದು ಆರೋಗ್ಯ ಕೇಂದ್ರಕ್ಕೆ ಬಂದು ಬಿದ್ದಿದ್ದೇನೆ. ನನ್ನ ಹುದ್ದೆಗೆ ಸರ್ಕಾರ ಉದ್ದನೆಯ ಹೆಸರಿಟ್ಟಿದೆ. ಜನ ಅದನ್ನು ಕತ್ತರಿಸಿ "ಸೊಳ್ಳೆ ಸಾರ್" ಮಾಡಿಕೊಂಡಿದ್ದಾರೆ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಯಾರಾದರೂ ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ, ಇನ್ಯಾರನ್ನೋ ಕರೆಯುತ್ತಿದ್ದಾರೆ ಅಂತ ನಾನೇ ಹಿಂದೆ ತಿರುಗಿ ನೋಡುತ್ತೇನೆ.

ಇಲ್ಲಿ ಹೇಳುವುದೆಲ್ಲ ಒಂದೇ ಹಳ್ಳಿಯ ಒಂದೇ ಮನೆಯದು, ಒಂದು ಡೆಂಗಿ ಕಾಲದಲ್ಲಿ ನಡೆದದ್ದು. ರೇಷ್ಮೆ ಬೆಳೆಯುವ ಮನೆ. ಯಜಮಾನರಿದ್ದರು. ಅವರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದರಿಂದ ಯಜಮಾನರ ತಾಯಿ, ಅಂದರೆ ಅಜ್ಜಿಯೇ, ಮನೆಯ ದೊಡ್ಡ ಹೆಂಗಸು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಒಬ್ಬಳು. ತುಂಬಿದ ಬಸುರಿಗೆ ಡೆಂಗಿ ಬಂದರೆ ಎರಡು ಜೀವಕ್ಕೂ ಅಪಾಯ. ನನಗೆ ಆ ಮನೆಯ ಮೇಲೆ ಕಣ್ಣಿದ್ದದ್ದು ಅದಕ್ಕೆ.

ಬದುಕಿರುವ ನೀರು

ಆ ಹಳ್ಳಿಗೆ ನಲ್ಲಿ ನೀರು ವಾರಕ್ಕೊಮ್ಮೆ, ಅದೂ ಬಂದರೆ ಬಂತು. ಹಾಗಾಗಿ ತೊಟ್ಟಿ, ಡ್ರಮ್ಮು, ಕೊಡ, ಬಕೆಟ್ಟು ಅಂತ ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿಡುತ್ತಾರೆ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಡಲು ಬೇಕಾದದ್ದೂ ಅದೇ, ಅಲುಗಾಡದೆ ನಿಂತ ತಿಳಿನೀರು. ಮನೆಮನೆಗೆ ಹೋಗಿ ನೀರಿನಲ್ಲಿ ಸೊಳ್ಳೆಮರಿ ಹುಡುಕಿ ಚೆಲ್ಲಿಸುವುದು ನನ್ನ ಕೆಲಸ. ವಾರಕ್ಕೊಮ್ಮೆ ನೀರು ಕಾಣುವವರ ಮುಂದೆ ನಿಂತು "ಚೆಲ್ಲಿ" ಅನ್ನಬೇಕಾದರೆ ಮುಖದ ಚರ್ಮ ಸ್ವಲ್ಪ ದಪ್ಪವಿರಬೇಕು.

ಯಜಮಾನರ ಮನೆಯ ಜಗಲಿಯ ಪಕ್ಕದಲ್ಲೇ ಸಿಮೆಂಟ್ ತೊಟ್ಟಿ. ಟಾರ್ಚ್ ಬಿಟ್ಟು ಅಜ್ಜಿಗೆ ತೋರಿಸಿದೆ.

"ನೋಡಿ ಅಜ್ಜಿ, ಮರಿಗಳು ಹೆಂಗೆ ಕುಣೀತಾ ಇವೆ. ಈ ನೀರು ಚೆಲ್ಲಿಬಿಡಿ."

ಅಜ್ಜಿ ತೊಟ್ಟಿಯ ಅಂಚು ಹಿಡಿದು ಬಗ್ಗಿ, ಬಹಳ ಹೊತ್ತು ನೋಡಿದರು. "ಏಮಯ್ಯಾ, ಹೋದ ವರ್ಷ ನಿಮ್ಮೋರೇ ಯಾರೋ ಬಂದು, ಈ ಬೋರ್ ನೀರಲ್ಲಿ ವಿಷ ಐತೆ, ಹಲ್ಲು ಹೋಗ್ತವೆ, ಮಂಡಿ ಹೋಗ್ತವೆ ಅಂದಿದ್ರು. ಹೌದಾ?"

"ಹೌದು ಅಜ್ಜಿ, ಫ್ಲೋರೈಡು."

"ವಿಷ ಇರೋ ನೀರಲ್ಲಿ ಇಷ್ಟು ಸಣ್ಣ ಜೀವ ಹಿಂಗೆ ಕುಣೀತವಾ? ಅವತ್ತಿಂದ ಈ ನೀರು ಮುಟ್ಟೋಕೇ ಹೆದರ್ತಿದ್ದೆ ಕಣಪ್ಪ. ಇವತ್ತು ನೀನು ಬಂದು ತೋರ್ಸಿದ್ದು ಒಳ್ಳೇದಾಯ್ತು. ಇವು ಸತ್ತ ದಿನ ಚೆಲ್ತೀನಿ, ಹೋಗು."

ಅಜ್ಜಿಯ ಮಂಡಿಗಳು ಆ ನೀರಿನಿಂದಲೇ ಬಿಲ್ಲಿನಂತೆ ಬಾಗಿದ್ದವು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾಗುತ್ತಿರಲಿಲ್ಲ. ಆದರೂ ವಾದದಲ್ಲಿ ಗೆದ್ದ ಖುಷಿಗೆ ಒಳಗೆ ಹೋಗಿ ನನಗೆ ಕಾಫಿ ಮಾಡಿ ತಂದರು. ಯಾವ ನೀರಿನಲ್ಲಿ ಮಾಡಿದ್ದು ಅಂತ ನಾನು ಕೇಳಲಿಲ್ಲ. ಕುಡಿದೆ.

ಮೀನಿಗೆ ರಜೆ

ಚೆಲ್ಲಲು ಒಪ್ಪದವರಿಗೆ ನಮ್ಮ ಇಲಾಖೆಯಲ್ಲಿ ಇನ್ನೊಂದು ಉಪಾಯವಿದೆ. ಗಪ್ಪಿ ಅಂತ ಸಣ್ಣ ಮೀನು. ತೊಟ್ಟಿಗೆ ಬಿಟ್ಟರೆ ಸೊಳ್ಳೆಮರಿಗಳನ್ನು ತಿಂದುಕೊಂಡು ಇರುತ್ತದೆ. ಮುಂದಿನ ಸಲ ಅಜ್ಜಿಯ ಕೈಕಾಲು ಹಿಡಿದು ಒಪ್ಪಿಸಿ, ತೊಟ್ಟಿಗೆ ಒಂದಿಷ್ಟು ಮೀನು ಬಿಟ್ಟು ಬಂದೆ. ಮರಿಗಳೆಲ್ಲ ಖಾಲಿಯಾದವು. ನನ್ನ ಸೇವೆಯಲ್ಲಿ ಹೇಳಿದ ಹಾಗೆ ನಡೆದ ಕೆಲಸ ಅಂದರೆ ಅದೊಂದೇ ಇರಬೇಕು.

ಆಮೇಲೊಂದು ದಿನ ಹೋಗಿ ನೋಡಿದರೆ ತೊಟ್ಟಿಯಲ್ಲಿ ಮೀನೇ ಇಲ್ಲ.

"ಅಜ್ಜಿ, ಮೀನೆಲ್ಲಿ?"

"ಇವತ್ತು ಸೋಮವಾರ ಕಣಪ್ಪ."

"ಸೋಮವಾರ ಆದ್ರೆ?"

"ನಮ್ಮನೇಲಿ ಸೋಮವಾರ ಮೀನು ಮಾಂಸ ಮುಟ್ಟಲ್ಲ. ಮೀನಿರೋ ನೀರಲ್ಲಿ ಪೂಜೆ ಪಾತ್ರೆ ತೊಳೀಲಾ?" ಅಂದ ಅಜ್ಜಿ ಹಿತ್ತಲ ಕಡೆ ಕೈ ತೋರಿಸಿದರು. ಕಟ್ಟೆಯ ಮೇಲೆ ಹಿತ್ತಾಳೆ ಚೊಂಬು. ಅದರೊಳಗೆ ನಮ್ಮ ಮೀನುಗಳು ಇಕ್ಕಟ್ಟಾಗಿ, ಆದರೆ ಜೀವಂತವಾಗಿ, ಮಂಗಳವಾರಕ್ಕೆ ಕಾಯುತ್ತಿದ್ದವು. ಅವಕ್ಕೆ ಒಂದಷ್ಟು ಅನ್ನದ ಅಗಳೂ ಹಾಕಿದ್ದರು.

ನಮ್ಮ ಕೇಂದ್ರದಲ್ಲಿ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ, ವಾರದ ರಜೆ ಸರಿಯಾಗಿ ಸಿಗುತ್ತಿದ್ದದ್ದು ಆ ಮೀನುಗಳಿಗೆ ಮಾತ್ರ.

ಗಿಡ ಯಾರದು

ಮಳೆ ಶುರುವಾಯಿತು, ಜ್ವರವೂ ಶುರುವಾಯಿತು. ಆರೋಗ್ಯ ಅನ್ನುವುದು ಆರೋಗ್ಯ ಇಲಾಖೆಯೊಂದರ ಕೆಲಸವಲ್ಲ, ಎಲ್ಲ ಇಲಾಖೆಗಳೂ ಕೈ ಜೋಡಿಸಬೇಕು ಅಂತ ಚಿಕ್ಕಬಳ್ಳಾಪುರದಲ್ಲಿ ಒಂದು ಸಭೆ ಕರೆದರು. ಮಾತು ಸರಿಯಾದದ್ದೇ. ಅದನ್ನು ನಂಬಿಕೊಂಡೇ ನಾನು ಬಸ್ಸು ಹತ್ತಿದ್ದು.

ನನ್ನ ಸರದಿ ಬಂದಾಗ ಎದ್ದು ನಿಂತು, "ಆ ಹಳ್ಳೀಲಿ ಡೆಂಗಿ ನಿಲ್ಲಬೇಕಾದ್ರೆ ನೀರು ದಿನಾ ಬರಬೇಕು ಸಾರ್. ಆಗ ಯಾರೂ ತುಂಬಿಡಲ್ಲ" ಅಂದೆ.

ನೀರಿನವರು ಎದ್ದರು. "ನೀರಿದೆ ಸಾರ್. ಮೋಟ್ರು ಓಡಿಸೋಕೆ ಕರೆಂಟಿಲ್ಲ."

ಕರೆಂಟಿನವರು ಎದ್ದರು. "ಕರೆಂಟಿದೆ ಸಾರ್. ಹೊಸ ಟ್ರಾನ್ಸ್‌ಫಾರ್ಮರ್ ಇಡೋಕೆ ಪಂಚಾಯ್ತಿಯೋರು ಜಾಗ ಕೊಡ್ತಿಲ್ಲ."

ಪಂಚಾಯಿತಿಯವರು ಎದ್ದರು. "ಜಾಗ ಇದೆ ಸಾರ್. ಅಲ್ಲಿ ರಸ್ತೆಯೋರು ಮೋರಿಗೆ ಅಂತ ಗುಂಡಿ ತೋಡಿ ಹಾಗೇ ಬಿಟ್ಟಿದಾರೆ."

ರಸ್ತೆಯವರು ಎದ್ದರು. "ನಾಳೇನೇ ಮುಚ್ತೀವಿ ಸಾರ್. ಗುಂಡೀಲಿ ನೀರಿನೋರ ಪೈಪು ಒಡೆದು ಸೋರ್ತಾ ಇದೆ. ಅದನ್ನ ಅವರು ಸರಿ ಮಾಡ್ಕೊಳ್ಳಿ."

ಎಲ್ಲರೂ ಮತ್ತೆ ನೀರಿನವರ ಮುಖ ನೋಡಿದರು. ನೀರಿನವರು ನನ್ನ ಮುಖ ನೋಡಿದರು, ಇದನ್ನೆಲ್ಲ ಶುರು ಮಾಡಿದವನು ನಾನೇ ಅನ್ನುವ ಹಾಗೆ. ಅಷ್ಟರಲ್ಲಿ ಅಧ್ಯಕ್ಷತೆ ವಹಿಸಿದ್ದ ಸಾಹೇಬರು ಪಟೀರ್ ಅಂತ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ಕೈ ತೆಗೆದಾಗ ಅಂಗೈಯಲ್ಲಿ ಒಂದು ಸೊಳ್ಳೆ. ಕಾಲುಗಳ ಮೇಲೆ ಬಿಳಿ ಪಟ್ಟೆಯ ಡೆಂಗಿ ಸೊಳ್ಳೆ, ನಮ್ಮದೇ ಗಿರಾಕಿ.

ನಾನು ಅಭ್ಯಾಸ ಬಲದಿಂದ ಸುತ್ತ ನೋಡಿದೆ. ಸಾಹೇಬರ ಮುಂದೆಯೇ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಮನಿಪ್ಲಾಂಟ್ ಇಟ್ಟಿದ್ದರು. ನೀರಿನ ತುಂಬ ಮರಿಗಳು. ಹೇಳಿದೆ. ಸಭೆ ಗಂಭೀರವಾಯಿತು. ಈ ಗಿಡ ಇಟ್ಟವರು ಯಾರು, ನೀರು ಬದಲಾಯಿಸುವ ಜವಾಬ್ದಾರಿ ಯಾರದು ಅಂತ ಕಟ್ಟಡದವರು, ಕಚೇರಿಯವರು, ಕಸದವರು ಒಬ್ಬರ ಮೇಲೊಬ್ಬರು ಹೇಳಿಕೊಂಡರು. ಯಾರೂ ಬಾಟಲಿ ಮುಟ್ಟಲಿಲ್ಲ. ಸಾಹೇಬರು ಕೆನ್ನೆ ತುರಿಸಿಕೊಳ್ಳುತ್ತಾ ತೀರ್ಮಾನ ಹೇಳಿದರು: "ಮುಂದಿನ ಸಭೆಗೆ ತೋಟಗಾರಿಕೆಯೋರನ್ನೂ ಕರೀರಿ."

ಹುಳಕ್ಕೇನೈತೆ

ಇಷ್ಟಾದ ಮೇಲೆ ಹೊಗೆ ಹಾಕುವ ಯಂತ್ರವೇ ಗತಿ ಅಂತ ಅದನ್ನು ಹೊತ್ತುಕೊಂಡು ಹಳ್ಳಿಗೆ ಹೋದೆ. ಊರ ಬಾಗಿಲಲ್ಲೇ ಜನ ಅಡ್ಡ ನಿಂತಿದ್ದರು. ಮುಂದೆ ನಮ್ಮ ಯಜಮಾನರು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ರೇಷ್ಮೆಹುಳಕ್ಕೆ ಯಾವ ಘಾಟೂ ಆಗದು. ಸೊಳ್ಳೆಬತ್ತಿ ಹಚ್ಚಿದರೂ ಸಾಯುತ್ತದೆ, ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ತಾಗಿದ ಹಿಪ್ಪುನೇರಳೆ ಸೊಪ್ಪು ತಿಂದರೂ ಸಾಯುತ್ತದೆ. ಅಂಥದ್ದರಲ್ಲಿ ಊರಿಗೆಲ್ಲ ಹೊಗೆ ಹಾಕಲು ನಾನು ಬಂದಿದ್ದೆ.

"ಬ್ಯಾಡಿ ಸಾರ್. ನಮ್ಮ ಹುಳ ಹಣ್ಣಾಗ್ತಾ ಐತೆ, ಇನ್ನೇನು ಗೂಡು ಕಟ್ಬೇಕು" ಅಂದರು ಯಜಮಾನರು.

"ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಬರ್ತೀನಿ."

"ಅಷ್ಟೊತ್ತಿಗೆ ಪಕ್ಕದ ಮನೇಲಿ ಮರಿ ಹುಳ ತಂದಿರ್ತಾರೆ."

"ಅವರದ್ದಾದ ಮೇಲೆ?"

"ಅವರದ್ದಾಗೋ ಹೊತ್ತಿಗೆ ನಮ್ಮದು ಮತ್ತೆ ಶುರು."

ಊರಲ್ಲಿ ಹುಳವಿಲ್ಲದ ದಿನ ಯಾವುದು ಅಂತ ಅಲ್ಲೇ ನಿಂತು ಎಲ್ಲರೂ ಲೆಕ್ಕ ಹಾಕಿದರು. ಅಂಥ ದಿನವೇ ಇರಲಿಲ್ಲ. ರೇಷ್ಮೆ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿದೆ. ಬಸ್ಸಿನಲ್ಲಿ ಜೊತೆಗೆ ಓಡಾಡುವ ಪರಿಚಯ, ಒಳ್ಳೆಯ ಮನುಷ್ಯ. "ಹೊಗೆ ಮಾತ್ರ ಹಾಕ್ಬೇಡಿ ರೀ, ಬೆಳೆ ಹೋದ್ರೆ ನನ್ನ ತಲೆ ಹೋಗುತ್ತೆ" ಅಂದರು. ಜನ ಸತ್ತರೆ ನನ್ನ ತಲೆ ಹೋಗುತ್ತದೆ ಅಂತ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಕೊನೆಗೆ ಸಿಟ್ಟು ಬಂದು ಕೇಳಿಯೇಬಿಟ್ಟೆ. "ಯಜಮಾನ್ರೇ, ಮನೇಲಿ ವಯಸ್ಸಾದ ತಾಯಿ ಇದಾರೆ, ತುಂಬು ಬಸುರಿ ಮಗಳಿದಾಳೆ. ಅವರಿಗೇನಾದ್ರೂ ಆದ್ರೆ?"

ಯಜಮಾನರು ಶರಟಿನ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಕಾರ್ಡ್ ತೆಗೆದು ತೋರಿಸಿದರು. "ನಮಗೇನಾದ್ರೂ ಆದ್ರೆ ಸರ್ಕಾರದ ಕಾರ್ಡ್ ಐತೆ ಸಾರ್. ಆಸ್ಪತ್ರೇಲಿ ಎಲ್ಲಾ ಫ್ರೀ. ಹುಳಕ್ಕೇನೈತೆ ಹೇಳಿ?"

ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಯಂತ್ರ ವಾಪಸ್ ಹೊತ್ತುಕೊಂಡು ಬರುವಾಗ ಅದು ಹೋಗುವಾಗಿನದಕ್ಕಿಂತ ಭಾರವಾಗಿತ್ತು.

ಒಳಗೆ ಬರಂಗಿಲ್ಲ

ಜಗಳವಾದರೂ ಯಜಮಾನರಿಗೆ ನನ್ನ ಮೇಲೆ ಕೋಪವಿರಲಿಲ್ಲ. ಮುಂದಿನ ವಾರ ಹೋದಾಗ, "ಬನ್ನಿ, ನಮ್ಮ ಹುಳದ ಮನೆ ತೋರಿಸ್ತೀನಿ" ಅಂತ ಕರೆದುಕೊಂಡು ಹೋದರು. ಸರ್ಕಾರದ ಸಬ್ಸಿಡಿಯಲ್ಲಿ ಕಟ್ಟಿದ್ದು. ನೋಡಿ ನನ್ನ ಹೊಟ್ಟೆ ಉರಿಯಿತು.

ಊಜಿ ನೊಣ ನುಗ್ಗಿ ಹುಳಗಳನ್ನು ಕೊಲ್ಲುತ್ತದೆ ಅಂತ ಕಿಟಕಿಗಳಿಗೆಲ್ಲ ಬಲೆ. ಬಾಗಿಲಿಗೆ ಇನ್ನೊಂದು ಬಲೆ ಬಾಗಿಲು. ಹೊಸ್ತಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ನೀರು, ಪಕ್ಕದಲ್ಲಿ ಕೈ ತೊಳೆಯಲು ಸೋಪು. ಒಳಗೆ ಸುಣ್ಣ ಬಳಿದ ಗೋಡೆ, ಒಣಗಿದ ನೆಲ, ಗೋಡೆಯಲ್ಲಿ ಸೆಕೆ ಚಳಿ ಅಳೆಯುವ ಮಾಪಕ. ಎಲ್ಲೂ ನಿಂತ ನೀರಿಲ್ಲ. ನಾನು ವರ್ಷಗಟ್ಟಲೆ ಮೈಕ್ ಹಿಡಿದು ಮನುಷ್ಯರಿಗೆ ಹೇಳಿ ಹೇಳಿ ಸೋತದ್ದನ್ನೆಲ್ಲ ಈ ಊರಿನವರು ಹುಳಕ್ಕೆ ತಪ್ಪದೆ ಮಾಡುತ್ತಿದ್ದರು.

ಒಳಗೆ ಕಾಲಿಡಲು ಹೋದೆ. ಯಜಮಾನರು ಎದೆಗೆ ಕೈ ಅಡ್ಡ ಇಟ್ಟರು.

"ಎಲ್ಲಿಂದ ಬಂದ್ರಿ ಸಾರ್?"

"ಮೇಲಿನ ಬೀದಿಯಿಂದ. ಜ್ವರದ ಮನೆಗಳು."

"ಹಂಗಾದ್ರೆ ಒಳಗೆ ಬರಂಗಿಲ್ಲ. ರೋಗ ತರ್ತೀರ."

ಹಿಂದಕ್ಕೆ ಸರಿದು ಮನೆಯ ಕಡೆ ನೋಡಿದೆ. ಮಧ್ಯಾಹ್ನದ ಸೆಕೆಗೆ ಮಗಳು ಜಗಲಿಯ ಮೇಲೆ ಮಲಗಿದ್ದಳು. ಬಲೆಯಿಲ್ಲ, ಹೊದಿಕೆಯಿಲ್ಲ. ಪಕ್ಕದಲ್ಲಿ ಕೂತ ಅಜ್ಜಿ ಸೆರಗಿನಿಂದ ಅವಳ ಹೊಟ್ಟೆಯ ಮೇಲೆ ಗಾಳಿ ಬೀಸುತ್ತಾ, ಬಂದ ಸೊಳ್ಳೆಗಳನ್ನೆಲ್ಲ ತಮ್ಮ ಕೈಮೇಲೆ ಕೂರಿಸಿಕೊಳ್ಳುತ್ತಿದ್ದರು.

"ಯಜಮಾನ್ರೇ, ಅವಳಿಗಾದ್ರೂ ಒಂದು ಸೊಳ್ಳೆಪರದೆ ಕಟ್ಟಿ."

"ಅಯ್ಯೋ, ಅವಳೇನು ಹುಳಾನಾ ಸಾರ್?" ಅಂತ ಯಜಮಾನರು ನಕ್ಕರು.

ಸೋಮವಾರ

ಜ್ವರ ಬಂದದ್ದು ಅಜ್ಜಿಗೆ. ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ಜ್ವರ ಬಿಟ್ಟಿತು ಅಂತ ಎದ್ದು ಮುದ್ದೆಯನ್ನೂ ತೊಳಸಿದರಂತೆ. ಈ ರೋಗದ ಕೆಟ್ಟತನವೇ ಅದು, ಜ್ವರ ಬಿಟ್ಟ ಮೇಲೆ ಒಳಗಿಂದ ಹಿಡಿಯುತ್ತದೆ. ಊರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿ ನಾನು ಹೋಗುವಷ್ಟರಲ್ಲಿ ಕೈಕಾಲು ತಣ್ಣಗಾಗಿದ್ದವು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದೆವು.

ಯಜಮಾನರು ಗೇಟಿನಲ್ಲಿ ನಿಂತವನಿಗೂ, ಲಿಫ್ಟಿನವನಿಗೂ, ಡ್ರಿಪ್ ಹಾಕಲು ಬಂದ ನರ್ಸಿಗೂ ಕಾರ್ಡ್ ತೋರಿಸಿದರು. "ಕಾರ್ಡ್ ಐತೆ ಅಮ್ಮ, ಕಾರ್ಡ್ ಐತೆ." ಕಾರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ಡಾಕ್ಟರುಗಳೂ ಮಾಡಬೇಕಾದ್ದನ್ನೆಲ್ಲ ಮಾಡಿದರು, ಒಂದು ಪೈಸೆ ಕೇಳಲಿಲ್ಲ. ಅಜ್ಜಿ ಮಾತ್ರ ಉಳಿಯಲಿಲ್ಲ.

ಸಾವಾದ ಮನೆಗೆ ನಮ್ಮವರು ಹೋಗಿ ಸೊಳ್ಳೆ ಹುಟ್ಟಿದ ಜಾಗ ಹುಡುಕಬೇಕು. ಅದೂ ನನ್ನ ಪಾಲಿಗೇ ಬಂತು. ಅಜ್ಜಿಯ ತೊಟ್ಟಿಯಲ್ಲಿ ಒಂದೇ ಒಂದು ಮರಿ ಇರಲಿಲ್ಲ. ಇದ್ದದ್ದು ಮನೆಯ ಹಿಂದಿನ ಬೀದಿಯಲ್ಲಿ, ರಸ್ತೆಯವರು ತೋಡಿದ, ನೀರಿನವರ ಪೈಪು ಸೋರುವ, ಕರೆಂಟಿನವರು ಕೇಳಿದ, ಪಂಚಾಯಿತಿಯವರ ಗುಂಡಿಯಲ್ಲಿ. ಎಲ್ಲ ಇಲಾಖೆಗಳೂ ನಿಜವಾಗಿ ಕೈ ಜೋಡಿಸಿದ ಜಾಗ ಆ ಊರಿನಲ್ಲಿ ಅದೊಂದೇ.

ಅವತ್ತು ಸೋಮವಾರ. ಸೂತಕದ ಮನೆ, ಪೂಜೆಯಿಲ್ಲ, ದೀಪವಿಲ್ಲ. ಹೊರಡುವಾಗ ಹಿತ್ತಲಲ್ಲಿ ಕಣ್ಣು ಬಿತ್ತು. ಕಟ್ಟೆಯ ಮೇಲೆ ಅದೇ ಹಿತ್ತಾಳೆ ಚೊಂಬು, ಒಳಗೆ ಮೀನುಗಳು. ಮಗಳು ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಇವತ್ತು ಪೂಜೆ ಇಲ್ವಲ್ಲಮ್ಮ" ಅಂದೆ.

"ಅಜ್ಜಿ ಹೋದ್ರು ಅಂತ ಅವುಗಳ ರಜೆ ತಪ್ಪಿಸೋಕಾಗುತ್ತಾ ಸಾರ್?" ಅಂದಳು. ಇಬ್ಬರೂ ನಕ್ಕೆವು.

ಬೆಳೆ ತಪಾಸಣೆ

ಮಗಳಿಗೆ ಶಿಡ್ಲಘಟ್ಟದಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಬಾಣಂತನ ಮಾಡಬೇಕಿದ್ದ ಅಜ್ಜಿ ಇರಲಿಲ್ಲ, ಊರಲ್ಲಿ ಜ್ವರ ಇನ್ನೂ ನಿಂತಿರಲಿಲ್ಲ, ಗುಂಡಿಯೂ ಮುಚ್ಚಿರಲಿಲ್ಲ. ಬಾಣಂತಿಯನ್ನು ಮನೆಗೆ ಕರೆತಂದ ದಿನ ಯಜಮಾನರು ಊರೇ ಬಾಯಿಬಿಡುವಂಥ ಕೆಲಸ ಮಾಡಿದರು. ಗೂಡು ಮಾರಿ ಖಾಲಿಯಾಗಿದ್ದ ಹುಳದ ಮನೆಯನ್ನು ತೊಳೆದು, ಒಣಗಿಸಿ, ಮುಂದಿನ ಬೆಳೆಗೆ ಮರಿ ಹುಳ ತರದೆ, ಮಗಳನ್ನೂ ಮೊಮ್ಮಗಳನ್ನೂ ಅದರೊಳಗೆ ಮಲಗಿಸಿಬಿಟ್ಟರು. ತಾವು ಬಲೆ ಬಾಗಿಲ ಮುಂದೆ ಚಾಪೆ ಹಾಸಿ ಕೂತರು.

ಮಗು ನೋಡಲು ಹೋದೆ. "ಕಾಲು ತೊಳ್ಕೊಂಡ್ರೂ ನೀವು ಒಳಗೆ ಬರಂಗಿಲ್ಲ ಸಾರ್, ಬೇಜಾರು ಮಾಡ್ಕೋಬ್ಯಾಡಿ" ಅಂದರು. ನನಗೆ ಬೇಜಾರೇನೂ ಆಗಲಿಲ್ಲ. ಆ ಊರಿನಲ್ಲಿ ನನ್ನ ಮಾತು ಒಬ್ಬರಾದರೂ ಕೇಳಿದ್ದರು.

ಅದೇ ಹೊತ್ತಿಗೆ ರೇಷ್ಮೆ ಇಲಾಖೆಯ ಅಧಿಕಾರಿ ಬಂದರು. ಸಬ್ಸಿಡಿಯಲ್ಲಿ ಕಟ್ಟಿದ ಹುಳದ ಮನೆಗಳಲ್ಲಿ ಬೆಳೆ ಹೇಗಿದೆ ಅಂತ ನೋಡಿಕೊಂಡು ಹೋಗುವ ದಿನ. ಬಲೆಯೊಳಗೆ ಇಣುಕಿದರು. ರ‍್ಯಾಕಿಗೆ ಕಟ್ಟಿದ್ದ ಸೀರೆ ಜೋಲಿ ತೂಗುತ್ತಿತ್ತು.

"ಏನ್ರೀ ಇದು ಯಜಮಾನ್ರೇ?"

"ಮೊಮ್ಮಗಳು ಸ್ವಾಮಿ."

"ಅದು ಕಾಣುತ್ತೆ. ಸಬ್ಸಿಡಿ ಮನೇಲಿ ಹುಳ ಸಾಕ್ಬೇಕು. ಮನುಷ್ಯರು ವಾಸ ಮಾಡಂಗಿಲ್ಲ, ರೂಲ್ಸು. ಮೇಲಿನೋರು ನೋಡಿದ್ರೆ ಸಬ್ಸಿಡಿ ವಾಪಸ್ ಕೇಳ್ತಾರೆ." ಅಷ್ಟು ಹೇಳುವುದರೊಳಗೆ ಅವರು ಕತ್ತಿನ ಮೇಲೆ, ಮೊಣಕೈ ಮೇಲೆ ಪಟಪಟ ಹೊಡೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ ಸಾರ್" ಅಂದರು.

ನಾನು ಏನು ಹೇಳಲಿ? ಹೊರಗೆ ಹಾಕಿ ಅನ್ನಲೇ?

ಯಜಮಾನರು ಎದ್ದು ನಿಂತರು. ಈ ಸಲ ಜೇಬಿಗೆ ಕೈ ಹಾಕಲಿಲ್ಲ, ಕಾರ್ಡ್ ತೋರಿಸಲಿಲ್ಲ. ನನ್ನನ್ನೇ ಕೇಳಿದರು. "ಸಾರ್, ನಿಮ್ಮ ಇಲಾಖೇಲಿ ಮನುಷ್ಯರಿಗೆ ಇಂಥಾ ಮನೆ ಕೊಡೋ ಸ್ಕೀಮು ಏನಾದ್ರೂ ಐತಾ?"

"ಇಲ್ಲ ಯಜಮಾನ್ರೇ."

"ಬೇರೆ ಯಾರದ್ದಾದ್ರೂ ಇಲಾಖೇಲಿ?"

"ನನಗೆ ಗೊತ್ತಿರೋ ಹಂಗೆ ಇಲ್ಲ."

ಯಜಮಾನರು ಅಧಿಕಾರಿಗೆ ಕೈ ಮುಗಿದರು. "ಹಂಗಾದ್ರೆ ಇದನ್ನ ಹುಳ ಅಂತಾನೇ ಲೆಕ್ಕ ಹಾಕ್ಕೊಳಿ ಸ್ವಾಮಿ. ಬದುಕ್ಕೊಳ್ಳಲಿ."

ಅಧಿಕಾರಿ ಬೂಟು ಬಿಚ್ಚಿಟ್ಟು, ಪ್ಯಾಂಟು ಮೇಲಕ್ಕೆ ಮಡಿಸಿ, ಸೋಪು ಹಚ್ಚಿ ಕೈ ತೊಳೆದು, ಬ್ಲೀಚಿಂಗ್ ನೀರಿನಲ್ಲಿ ಎರಡೂ ಕಾಲು ಅದ್ದಿ, ಬಲೆ ಬಾಗಿಲು ತೆಗೆದು ಒಳಗೆ ಹೋದರು. ಜೋಲಿಯ ಹತ್ತಿರ ಬಗ್ಗಿದ್ದು ಹೊರಗಿನಿಂದ ಕಾಣಿಸಿತು. ಒಳಗಿಂದ ಮಗು ಊರಿಗೆಲ್ಲ ಕೇಳುವ ಹಾಗೆ ಕಿರುಚಿತು.

ಅಧಿಕಾರಿ ಹೊರಗೆ ಬಂದು, ಬಾಗಿಲ ಬಲೆಯನ್ನು ಸಂದಿಲ್ಲದ ಹಾಗೆ ಎಳೆದು ಹಾಕಿ, ಬೂಟು ಹಾಕಿಕೊಳ್ಳುತ್ತಾ ಹೇಳಿದರು:

"ಬೆಳೆ ಚೆನ್ನಾಗೈತೆ ಯಜಮಾನ್ರೇ. ಸ್ವಲ್ಪ ಅಳುತ್ತೆ, ಅಷ್ಟೇ."